ಏರು ಬರುವ ಮೊದಲೇ

ಮಲೆನಾಡಿನ ಮಳೆ ನೋಡಲು ಬಲು ಚೆನ್ನ ಎಂದು ಪೇಟೆಯ ಗೆಳತಿಯರು ಹೇಳುತ್ತಾರೆ. ನಿಜವೇ. ಆದರೆ ಅದನ್ನು ಕಿಟಕಿಯಿಂದ ನೋಡುವುದು ಬೇರೆ, ಅದರಲ್ಲಿ ಹೊರಟು ಡಾಂಬರು ರಸ್ತೆ ಮುಟ್ಟುವುದು ಬೇರೆ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆ ಒಂಟಿ ಮನೆಗಳು ಬಹಳ. ತೋಟ ತಗ್ಗಿನಲ್ಲಿ, ಮನೆ ತೋಟದ ತಲೆಯ ಮೇಲೆ, ರಸ್ತೆ ಗುಡ್ಡದ ಆಚೆ. ನಮ್ಮ ಮನೆಯಿಂದ ಡಾಂಬರಿಗೆ ಒಂದೂವರೆ ಕಿಲೋಮೀಟರು ಮಣ್ಣುದಾರಿ. ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಕಡಿದಾದ ಏರು. ಬೇಸಿಗೆಯಲ್ಲಿ ಸ್ಕೂಟರೂ ಹತ್ತುತ್ತದೆ. ಆರಿದ್ರಾ ಮಳೆ ಹಿಡಿಯಿತೆಂದರೆ ಆ ಕೆಮ್ಮಣ್ಣು ಬೆಣ್ಣೆ ಸವರಿದ ಹಾಗೆ.

ಇಂಥ ದಾರಿಗೆ ಹೇಳಿ ಮಾಡಿಸಿದ್ದು ಜೀಪು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ, ಅಮೆರಿಕದ ಸೈನ್ಯಕ್ಕೆಂದು ಲಕ್ಷಗಟ್ಟಲೆ ತಯಾರಾದ ಗಾಡಿ ಅದು. ಯುದ್ಧ ಮುಗಿದ ಮೇಲೆ ಮಹೀಂದ್ರಾದವರು ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಹೀಗೆ ಯುದ್ಧದ ಗಾಡಿ ನಮ್ಮ ಕಾಫಿ, ಅಡಿಕೆ ತೋಟಗಳ ಗಾಡಿಯಾಯಿತು. ಈಗ ಎಷ್ಟೋ ಮನೆಗಳಲ್ಲಿ ಅದರ ಜಾಗಕ್ಕೆ ಪಿಕಪ್ಪು ಬಂದಿದೆ. ಮುಂದೆ ಮನೆಯವರು, ಹಿಂದೆ ಗೊಬ್ಬರದ ಚೀಲ. ನಮ್ಮದೂ ಅಂಥದೇ ಒಂದು ಹಳೆಯ ಫೋರ್‌ವೀಲ್ ಪಿಕಪ್ಪು.

ಮದುವೆಯಾಗಿ ಮೂವತ್ತು ವರ್ಷ ನಾನು ಎಡಸೀಟಿನವಳು. ಲೈಸೆನ್ಸು ಇತ್ತು, ಡಾಂಬರಿನ ಮೇಲೆ ಓಡಿಸಿದ್ದೂ ಉಂಟು. ಮಳೆಗಾಲದ ಏರು ಮಾತ್ರ ಇವರ ಪಾಲಿನದು. ಎರಡು ವರ್ಷದ ಕೆಳಗೆ ಇವರ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮಳೆ ಬಂತೆಂದು ಅದನ್ನು ನಾಳೆಗೆ ಹಾಕುವಂತಿಲ್ಲ. ಬಾಡಿಗೆ ಗಾಡಿಯವರು ನಮ್ಮ ಹಳ್ಳದ ಹೆಸರು ಕೇಳಿದರೇ ಫೋನು ಇಡುತ್ತಾರೆ. ಮಕ್ಕಳು, "ತೋಟ ಯಾರಿಗಾದರೂ ವಹಿಸಿ ಬೆಂಗಳೂರಿಗೆ ಬಂದುಬಿಡಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಇವರು ಏನೂ ಹೇಳಲಿಲ್ಲ; ಅಂಗಳದ ತುದಿಯಲ್ಲಿ ನಿಂತು ತೋಟ ನೋಡುತ್ತಿದ್ದರು. ನಾನು ಒಳಗೆ ಹೋಗಿ ಗ್ಯಾರೇಜಿನ ಸಾಬರಿಗೆ ಫೋನು ಮಾಡಿದೆ.

ಸಾಬರು ಮೇ ತಿಂಗಳಲ್ಲಿ ಒಂದು ಅಡ್ಡಮಳೆ ಬಿದ್ದ ಮಾರನೆ ದಿನ ಬಂದರು. ಮೊದಲ ಪಾಠ ಗಾಡಿಯಿಂದ ಹೊರಗೆ. "ಅಮ್ಮಾ, ಚಕ್ರ ಹೋಗೋ ಮುಂಚೆ ನಿಮ್ಮ ಕಾಲು ಹೋಗಬೇಕು" ಎಂದರು. ನೀರು ಎಲ್ಲಿ ಕೊರೆದಿದೆ, ಯಾವ ಕಲ್ಲು ಅಲುಗುತ್ತದೆ ಎಂದು ಇಬ್ಬರೂ ಏರನ್ನು ನಡೆದೇ ನೋಡಿದೆವು.

ಆಮೇಲೆ ಗಾಡಿಯ ಒಳಗುಟ್ಟು. ಸಾಧಾರಣ ಹೊತ್ತಿನಲ್ಲಿ ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ. ಅದರಲ್ಲೂ ನೀರು ತಗ್ಗಿಗೆ ಹರಿಯುವ ಹಾಗೆ ಬಲ ಸುಲಭವಾಗಿ ತಿರುಗುವ ಚಕ್ರದ ಕಡೆಗೇ ಹೋಗುತ್ತದೆ. ಹಾಗಾಗಿ ಕೆಸರಿನಲ್ಲಿರುವ ಚಕ್ರ ಗಿರಗಿರ ಸುತ್ತುತ್ತದೆ, ಗಟ್ಟಿ ನೆಲದ ಮೇಲಿರುವುದು ಸುಮ್ಮನೆ ನಿಂತಿರುತ್ತದೆ. ಫೋರ್‌ವೀಲ್ ಹಾಕಿದಾಗ ಮುಂದಿನ ಚಕ್ರಗಳೂ ಎಳೆಯುತ್ತವೆ. ನಮ್ಮದು ಹಳೆಯ ಗಾಡಿಯಾದ್ದರಿಂದ ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಹಬ್ಬನ್ನು ಇಳಿದು ಕೈಯಿಂದಲೇ ತಿರುಗಿಸಿ ಲಾಕ್ ಮಾಡಬೇಕು. ಮೃಗಶಿರಾ ಮಳೆಗೆ ಲಾಕ್ ಮಾಡಿದರೆ ದೀಪಾವಳಿಗೆ ಬಿಚ್ಚುವುದು. ಗೇರಿನ ಪಕ್ಕ ಇನ್ನೊಂದು ಗಿಡ್ಡ ಸನ್ನೆಕೋಲು. ಅದರಲ್ಲಿ 'ಟೂ ಎಚ್' ಡಾಂಬರಿಗೆ, 'ಫೋರ್ ಎಚ್' ಜಾರುವ ಮಟ್ಟಸ ದಾರಿಗೆ, 'ಫೋರ್ ಎಲ್' ಏರಿಗೆ. ಈ ಕೊನೆಯದರಲ್ಲಿ ಗಾಡಿ ಆಮೆಯಂತೆ ಹೋಗುತ್ತದೆ, ಆದರೆ ಎಳೆತ ದೊಡ್ಡದು. ಅದನ್ನು ಹಾಕಲು ಗಾಡಿ ಪೂರ್ತಿ ನಿಲ್ಲಿಸಿ ಕ್ಲಚ್ ಒತ್ತಿಯೇ ಇರಬೇಕು. ಏರಿನ ಮಧ್ಯೆ, ಚಕ್ರ ಹೂತ ಮೇಲೆ ಹಾಕುತ್ತೇನೆಂದರೆ ಅರ್ಧ ಕೆಲಸ ಕೆಟ್ಟಂತೆಯೇ.

ನಮ್ಮ ಕಡೆಯ ಗಂಡಸರಲ್ಲಿ ಹಲವರಿಗೆ ಫೋರ್‌ವೀಲ್ ಹಾಕುವುದೆಂದರೆ ಸೋಲೊಪ್ಪಿಕೊಂಡ ಹಾಗೆ. ಭರ್ರನೆ ಆಕ್ಸಿಲೇಟರ್ ತುಳಿದು ಹತ್ತಿಸುವುದೇ ಗಂಡಸುತನ. ತುಳಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಸಾಬರು ಹೇಳಿಕೊಟ್ಟದ್ದು ಇದಕ್ಕೆ ತಿರುಗುಮುರುಗು: ಸಣ್ಣಗೆ, ಒಂದೇ ಸಮನೆ ತುಳಿಯಬೇಕು, ನಡುವೆ ಗೇರು ಬದಲಿಸಬಾರದು, ಚಕ್ರ ಸುತ್ತತೊಡಗಿದರೆ ಕಾಲು ಸಡಿಲಿಸಬೇಕು. ಒಲೆಯ ಮೇಲೆ ಹಾಲಿಟ್ಟು ಉರಿ ನೋಡಿಕೊಳ್ಳುವವರಿಗೆ ಈ ಲೆಕ್ಕ ಹೊಸದಲ್ಲ.

ಇಳಿಯುವಾಗಲೂ ಫೋರ್ ಎಲ್, ಮೊದಲನೇ ಗೇರು. ಬ್ರೇಕು ಒತ್ತಿ ಚಕ್ರ ಬಿಗಿದರೆ ಗಾಡಿ ಜಾರುಬಂಡಿಯಾಗುತ್ತದೆ. ಎಂಜಿನ್ನೇ ಹಿಡಿದುಕೊಳ್ಳಲು ಬಿಡಬೇಕು. "ಫೋರ್‌ವೀಲ್ ಎಳೆಯೋಕೆ ಇರೋದು ಅಮ್ಮಾ, ನಿಲ್ಲಿಸೋಕಲ್ಲ. ಬ್ರೇಕು ಎಲ್ಲರ ಕಾರಿಗೂ ನಾಲ್ಕೇ ಚಕ್ರಕ್ಕೆ" ಎಂದು ಸಾಬರು ನಕ್ಕರು.

ಇನ್ನೊಂದು ಪಾಠ, ತೆಗೆಯುವುದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ನಮ್ಮಂಥ ಗಾಡಿಯಲ್ಲಿ ಫೋರ್‌ವೀಲ್ ಹಾಕಿದಾಗ ಎರಡೂ ಕಡೆಯವು ಒಂದೇ ಲೆಕ್ಕದಲ್ಲಿ ತಿರುಗಬೇಕು. ಕೆಸರಿನಲ್ಲಾದರೆ ಚಕ್ರ ತುಸು ಜಾರಿ ಸರಿಮಾಡಿಕೊಳ್ಳುತ್ತದೆ. ಗಟ್ಟಿ ಡಾಂಬರಿನ ಮೇಲೆ ಜಾರಲು ಎಡೆಯಿಲ್ಲ. ಸ್ಟೀರಿಂಗು ಭಾರವಾಗುತ್ತದೆ, ಒಳಗಿನ ಹಲ್ಲುಗಳು ಬಿಗಿದುಕೊಂಡು ಸವೆಯುತ್ತವೆ. ಹಾಕಲು ಕಲಿತವರು ತೆಗೆಯಲೂ ಕಲಿಯಬೇಕು.

ಪುನರ್ವಸು ಮಳೆಯಲ್ಲಿ, ಒಂದು ಮಂಗಳವಾರ ಬೆಳಗಿನ ಆರು ಗಂಟೆಗೆ ಮೊದಲ ಸಲ ನಾವಿಬ್ಬರೇ ಹೊರಟೆವು. ಸೂಜಿ ಚುಚ್ಚುವ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇವರು ಎಡಸೀಟಿನಲ್ಲಿ. ಹಳ್ಳದ ಈಚೆಗೇ ನಿಲ್ಲಿಸಿ, ಕೊಡೆ ಹಿಡಿದು ಇಳಿದು ನೀರು ನೋಡಿ ಬಂದೆ. ಸನ್ನೆಕೋಲನ್ನು ಫೋರ್ ಎಲ್‌ಗೆ ತಂದೆ.

"ಈಗ್ಲೇ ಯಾಕೆ ಹಾಕ್ತೀ? ಏರು ಇನ್ನೂ ಬಂದಿಲ್ಲ."

"ಬಂದ ಮೇಲೆ ಹಾಕೋಕಾಗಲ್ಲ ಅಂತ."

ಇವರು ಮತ್ತೆ ಮಾತಾಡಲಿಲ್ಲ. ಗಾಡಿ ಹಳ್ಳ ದಾಟಿತು, ಮೂಗುತ್ತಾ ಏರು ಹತ್ತಿತು. ಒಂದು ಕಡೆ ಬಾಲ ಪಕ್ಕಕ್ಕೆ ಸರಿದಾಗ ಇವರ ಕೈ ತಾನಾಗಿ ನನ್ನ ಸ್ಟೀರಿಂಗಿನತ್ತ ಬಂದು, ಅರ್ಧದಲ್ಲೇ ನಿಂತು, ಮಡಿಲಿಗೆ ಮರಳಿತು. ಡಾಂಬರಿನ ಅಂಚಿನಲ್ಲಿ ನಿಲ್ಲಿಸಿ ಟೂ ಎಚ್‌ಗೆ ತಂದಾಗ, "ತೆಗೆಯೋದನ್ನ ನಾನು ಎಷ್ಟೋ ಸಲ ಮರೀತಿದ್ದೆ" ಎಂದರು.

ಸಂಜೆ ಮರಳುವಾಗ ಇವರಿಗೆ ತಲೆ ಎತ್ತಲಾರದಷ್ಟು ಸುಸ್ತು. ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ, ಕುಲುಕದೆ ಇಳಿಸಿದೆ. ಹಳ್ಳದ ಹತ್ತಿರ ನೋಡಿದರೆ ನಿದ್ದೆ ಹೋಗಿದ್ದರು.

ಅಂದಿನಿಂದ ಒಂದು ದಿನವೂ ಆಸ್ಪತ್ರೆ ತಪ್ಪಿಲ್ಲ. ಪಕ್ಕದ ಮನೆಯ ಸೊಸೆ ತನಗೂ ಕಲಿಸಬೇಕೆಂದು ಎರಡು ಸಲ ಬಂದು ಕೇಳಿದ್ದಾಳೆ. ಭಾನುವಾರ ಏರನ್ನು ನಡೆದು ನೋಡಲು ಹೇಳಿದ್ದೇನೆ. ಮಕ್ಕಳು ಈಗಲೂ ಬೆಂಗಳೂರಿಗೆ ಕರೆಯುತ್ತಾರೆ. ತೋಟದ ಮುಂದಿನ ಕಥೆ ಏನೋ ಹೇಳಲಾರೆ. ಬರುವ ಮಂಗಳವಾರ ಆರು ಗಂಟೆಗೆ ಹೊರಡಬೇಕು. ಹಬ್ ಲಾಕ್ ಮಾಡಿಯೇ ಇದೆ.