ಹಿತ್ತಲಿಗೊಂದು ಲೇತ್

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರಿನಲ್ಲಿ ಹಿತ್ತಲ ಕೊಟ್ಟಿಗೆಗೆ ಲೇತ್ ತರುವವರು ಯಂತ್ರಕ್ಕಿಂತ ಮೊದಲು ಕರೆಂಟು ನೋಡಬೇಕು. ಇದೇ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆದರೆ ಹಳ್ಳಿಯ ಮನೆಗೆ ಸಾಮಾನ್ಯವಾಗಿ ಸಿಕ್ಕುವುದು ಇವತ್ತಿಗೂ 230 ವೋಲ್ಟಿನ ಸಿಂಗಲ್ ಫೇಸ್. ಕಾರ್ಖಾನೆಯ ಹಳೇ ಲೇತ್ ಕೇಳುವುದು 415 ವೋಲ್ಟಿನ ತ್ರೀ ಫೇಸ್. ಎರಡು ಎಚ್‌ಪಿ ಒಳಗಿನ ಮೋಟರಾದರೆ ಡೆಲ್ಟಾ ಜೋಡಣೆ ಮಾಡಿಸಿ, ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ವಿಎಫ್‌ಡಿ ಇಟ್ಟು ಓಡಿಸಬಹುದು. ಗುಂಡಿ ತಿರುಗಿಸಿ ವೇಗ ಏರಿಳಿಸುವ ಸುಖ ಅದರೊಂದಿಗೆ ಬಿಟ್ಟಿ.

ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಿಂದ, ಬೆಂಗಳೂರಿನ ಎಚ್‌ಎಂಟಿ 1953ರಿಂದ ಲೇತ್ ತಯಾರಿಕೆಯಲ್ಲಿ ಬೆಳೆದ ಹೆಸರುಗಳು. ಎಚ್‌ಎಂಟಿಗೆ ಆಸೆಪಡದ ಟರ್ನರ್ ಅಪರೂಪ. ಆದರೆ ಟನ್ನಿಗೂ ಮೀರಿದ ಅದನ್ನು ಇಳಿಸಲು ಕ್ರೇನ್ ಬೇಕು, ನಿಲ್ಲಿಸಲು ಗಟ್ಟಿ ಕಾಂಕ್ರೀಟ್ ಬೇಕು. ಮನೆಗೆ ಬಟಾಲ ಅಥವಾ ರಾಜ್‌ಕೋಟ್ ಕಡೆಯ ನಾಲ್ಕೂವರೆ ಅಡಿ ಬೆಡ್ಡಿನ ಬೆಲ್ಟ್ ಲೇತ್ ಸಾಕು. ಪಂಪ್‌ಸೆಟ್ಟಿನ ಬುಶ್, ಟಿಲ್ಲರಿನ ಪಿನ್ನು ಅದರಲ್ಲೇ ಆಗುತ್ತವೆ. ಹೊಸ ಹಗುರ ಲೇತ್‌ಗಿಂತ ಹಳೆಯ ಭಾರದ್ದು ಮೇಲು: ಎರಕ ದಪ್ಪವಿದ್ದಷ್ಟೂ ನಡುಕ ಕಡಿಮೆ, ಕತ್ತರಿಸಿದ ಮೈ ನುಣುಪು.

ಹಳೆಯದರಲ್ಲಿ ಬಣ್ಣಕ್ಕೆ ಮರುಳಾಗಬಾರದು. ಬೆಡ್ ಸವೆಯುವುದು ಚಕ್ಕಿನ ಹತ್ತಿರ. ಕ್ಯಾರೇಜನ್ನು ಅಲ್ಲಿ ಸಡಿಲವಿಲ್ಲದಂತೆ ಬಿಗಿಮಾಡಿ ಟೇಲ್‌ಸ್ಟಾಕಿನತ್ತ ತಳ್ಳಿದಾಗ ಹಿಡಿದುಕೊಂಡರೆ ಸವೆತ ಖಂಡಿತ. ಸ್ಪಿಂಡಲಿಗೆ ಡಯಲ್ ಗೇಜ್ ಮುಟ್ಟಿಸಿ, ಚಕ್ಕನ್ನು ಮೀಟಿ ಎತ್ತಿ ನೋಡಬೇಕು. ಮುಳ್ಳು ಸರಿದರೆ ಬೇರಿಂಗಿನ ಖರ್ಚು ಕಾದಿದೆ. ಗೇರುಗಳನ್ನು ಎಣಿಸದೆ ದುಡ್ಡು ಕೊಡಬಾರದು. ಇಂಚಿನ ಲೀಡ್‌ಸ್ಕ್ರೂ ಇದ್ದರೆ 127 ಹಲ್ಲಿನ ಗೇರು ಕೇಳಿಯೇ ತರಬೇಕು. ಐದು ಇಂಚು ಸರಿಯಾಗಿ 127 ಮಿಲಿಮೀಟರ್ ಆದ್ದರಿಂದ ಮಿಲಿಮೀಟರ್ ಥ್ರೆಡ್ ಕರಾರುವಾಕ್ಕಾಗಿ ಬರುವುದು ಅದರಿಂದಲೇ.

ಮಿಲ್ಲಿಂಗ್ ಯಂತ್ರಕ್ಕೆ ಆತುರ ಬೇಡ. ಸಣ್ಣ ಕೀವೇ ಕೊರೆಯಲು ಲೇತ್ ಮೇಲಿನ ವರ್ಟಿಕಲ್ ಸ್ಲೈಡೇ ಸಾಲುತ್ತದೆ. ತರುವುದೇ ಆದರೆ ದುಂಡು ಕಂಬದ್ದು ಬೇಡ: ಹೆಡ್ಡನ್ನು ಮೇಲೆ ಕೆಳಗೆ ಮಾಡಿದೊಡನೆ ಹೊಂದಿಸಿಟ್ಟ ಕೇಂದ್ರ ತಪ್ಪುತ್ತದೆ. ಡವ್‌ಟೇಲ್ ಕಂಬಕ್ಕೆ ಆ ಪೀಡೆಯಿಲ್ಲ. ವೈಸ್, ಕಾಲೆಟ್, ಕಟರ್‌ಗಳು ಯಂತ್ರದಷ್ಟೇ ಹಣ ನುಂಗಬಲ್ಲವು. ಕೈಯಲ್ಲಿರುವ ದುಡ್ಡನ್ನೆಲ್ಲ ಯಂತ್ರಕ್ಕೇ ಸುರಿಯಬೇಡಿ.