ತಗ್ಗಿನ ನಾಡಿನ ಜಮಾ-ಖರ್ಚು

ನಮ್ಮ ಕಾಲದ ಭೂಗೋಳದ ಪುಸ್ತಕದಲ್ಲಿ ‘ಹಾಲೆಂಡ್’ ಎಂದು ಓದಿದ ದೇಶದ ನಿಜವಾದ ಹೆಸರು ನೆದರ್ಲೆಂಡ್ಸ್. ಹಾಗೆಂದರೆ ತಗ್ಗಿನ ನಾಡು. ಹಾಲೆಂಡ್ ಎಂಬುದು ಅದರ 12 ಪ್ರಾಂತಗಳಲ್ಲಿ ಎರಡರ ಹೆಸರು ಮಾತ್ರ. ನಮ್ಮ ಕರ್ನಾಟಕದೊಳಗೆ ಅಂಥ ನಾಲ್ಕು ದೇಶಗಳನ್ನು ಕೂರಿಸಿದರೂ ಇನ್ನಷ್ಟು ಜಾಗ ಉಳಿಯುತ್ತದೆ. ಅಷ್ಟು ಸಣ್ಣ ದೇಶದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ನೆಲ ಸಮುದ್ರದ ಮಟ್ಟಕ್ಕಿಂತ ಕೆಳಗಿದೆ.

ನನ್ನ ಮೊಮ್ಮಗಳು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ, ಆ ದೇಶದ ವಾಗೆನಿಂಗೆನ್ ಎಂಬ ಊರಿನಲ್ಲಿ ಎರಡು ವರ್ಷ ಓದಿದಳು. ಅದೂ ಕೃಷಿ ವಿದ್ಯೆಗೆ ಹೆಸರಾದ ಊರೇ. ಶಿಕ್ಷಣ ಸಾಲ ತೆಗೆದು ಹೋದ ಹುಡುಗಿ. ರೊಕ್ಕ ಎಣಿಸಿ ಖರ್ಚು ಮಾಡಬೇಕು. ಆದರೆ ಅಷ್ಟು ದೂರ ಹೋಗಿ ಊರು ನೋಡದೆ ಬರುವುದೂ ಸರಿಯಲ್ಲ. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಲೆಡ್ಜರ್ ಬರೆದವನು ನಾನು. ಅವಳಿಗೊಂದು ನೋಟ್‌ಬುಕ್ ಕೊಟ್ಟು, ಊರಿಗೊಂದು ಪುಟ ಎಂದು ಹೇಳಿದೆ. ಒಂದು ಕಡೆ ಖರ್ಚು: ರೈಲು, ಪ್ರವೇಶ, ಊಟ. ಇನ್ನೊಂದು ಕಡೆ ಜಮಾ: ಆ ಊರಿನಲ್ಲಿ ಹೊಸದಾಗಿ ತಿಳಿದದ್ದು. “ಜಮಾ ಖಾಲಿ ಬಿಟ್ಟಿ ಅಂದ್ರ ಆ ಪ್ರವಾಸ ನಷ್ಟದಾಗ ಹೋತು ಅಂತ ತಿಳಿ” ಅಂದಿದ್ದೆ.

ಮೊದಲ ಜಮಾ ವಿಮಾನ ಇಳಿದ ದಿನವೇ ಬಂತು. “ಅಜ್ಜಾ, ನಮ್ಮ ವಿಮಾನ ಕೆರಿ ತಳದಾಗ ಇಳೀತು ನೋಡು!” ಎಂದು ಫೋನಿನಲ್ಲಿ ನಕ್ಕಳು. ಮಾತು ಖರೆ. ಆಮ್ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣ ಇರುವ ಜಾಗ ಹಿಂದೆ ದೊಡ್ಡ ಸರೋವರವಾಗಿತ್ತು. ಉಗಿ ಯಂತ್ರಗಳಿಂದ ಮೂರು ಕಡೆ ನೀರೆತ್ತಿ 1852ರಲ್ಲಿ ಅದನ್ನು ಒಣಗಿಸಿ ಹೊಲ ಮಾಡಿದರು. ಇಂದು ಅಲ್ಲಿ ವಿಮಾನ ಇಳಿಯುತ್ತವೆ.

ವಾಗೆನಿಂಗೆನ್ ಊರಿಗೆ ರೈಲಿಲ್ಲ. ಶನಿವಾರ ಬೆಳಿಗ್ಗೆ ಗೆಳತಿಯರೊಡನೆ ಬಸ್ಸು ಹತ್ತಿ ಪಕ್ಕದ ಊರಿನ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ರೈಲು ಹಿಡಿಯಬೇಕು. ಚೀಲದಲ್ಲಿ ಚಪಾತಿ, ಶೇಂಗಾ ಚಟ್ನಿ ಪುಡಿ. ಹೀಗಾಗಿ ಊಟದ ಖಾನೆಯಲ್ಲಿ ಎಷ್ಟೋ ಸಲ ಸೊನ್ನೆ ಇರುತ್ತಿತ್ತು.

ಆಮ್ಸ್ಟರ್‌ಡ್ಯಾಮ್ ಎಂದರೆ ಆಮ್ಸ್ಟಲ್ ನದಿಗೆ ಕಟ್ಟಿದ ಕಟ್ಟೆ. ನೆಲ ಕೆಸರು, ಹಾಗಾಗಿ ಮರದ ಕಂಬಗಳನ್ನು ಆಳಕ್ಕೆ ಹೊಡೆದು, ಅವುಗಳ ಮೇಲೆ ಮನೆ ಕಟ್ಟಿದ್ದಾರೆ. ಅಲ್ಲಿಯ ಅರಮನೆಯ ಕೆಳಗೆ 13,659 ಕಂಬಗಳಿವೆ. ಮಕ್ಕಳೇ, ಇದನ್ನು ನೆನಪಿಡಲು ಅಲ್ಲಿಯ ಶಾಲೆಯ ಮಕ್ಕಳಿಗೆ ಒಂದು ಉಪಾಯ ಗೊತ್ತು: ವರ್ಷದ ದಿನ 365, ಅದರ ಹಿಂದೆ 1, ಮುಂದೆ 9. ಒಮ್ಮೆ ಕೇಳಿದರೆ ಸಾಯುವ ತನಕ ಮರೆಯುವುದಿಲ್ಲ.

ಉಟ್ರೆಕ್ಟ್ ಊರಿನ ಚರ್ಚಿನ ಗೋಪುರ 112 ಮೀಟರ್ ಎತ್ತರ, 465 ಮೆಟ್ಟಿಲು. 1674ರ ಬಿರುಗಾಳಿಗೆ ಚರ್ಚಿನ ನಡುಭಾಗ ಕುಸಿಯಿತು. ಅಂದಿನಿಂದ ಗೋಪುರ ಒಂದು ಕಡೆ, ಚರ್ಚು ಒಂದು ಕಡೆ ನಿಂತಿವೆ. ನಡುವಿನ ಬಯಲಿನಲ್ಲಿ ಜನ ಓಡಾಡುತ್ತಾರೆ. ಅದೇ ಊರಿನ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವಷ್ಟು ಜಾಗವಿದೆ.

ಇನ್ನೊಂದು ಊರು ಗೌಡಾ. ಹೆಸರು ಕೇಳಿ ನಮ್ಮಾಕೆ, “ಅಲ್ಲೂ ಗೌಡರು ಅದಾರೇನು?” ಎಂದು ಕೇಳಿದಳು. ಗೌಡರಿಲ್ಲ, ಚೀಸ್ ಇದೆ. ಹಾಲಿನಿಂದ ಮಾಡಿದ ಅದರ ಹಳದಿ ಗಾಲಿಗಳನ್ನು ಬೇಸಿಗೆಯ ಗುರುವಾರಗಳಂದು ಚೌಕದಲ್ಲಿ ಸಾಲಾಗಿ ಇಡುತ್ತಾರೆ. ಕೊಳ್ಳುವವ, ಮಾರುವವ ಇಬ್ಬರೂ ಅಂಗೈಗೆ ಅಂಗೈ ಬಡಿಯುತ್ತಾ ದರ ಕೂಗುತ್ತಾರೆ. ಕೊನೆಯ ಬಡಿತಕ್ಕೆ ವ್ಯಾಪಾರ ಮುಗಿಯಿತು. ಈಗ ಅದು ಪ್ರವಾಸಿಗಳಿಗಾಗಿ ನಡೆಯುವ ಆಟ. ನಮ್ಮ ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುರಿಯುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಅಲ್ಲಿ ದರ ಎಲ್ಲರಿಗೂ ಕೇಳುತ್ತದೆ, ಇಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಇಷ್ಟೇ ಫರಕು.

ಲೈಡನ್ ಊರನ್ನು 1574ರಲ್ಲಿ ಸ್ಪೇನಿನ ಸೈನ್ಯ ಮುತ್ತಿತ್ತು. ಒಳಗೆ ಜನ ಹಸಿವಿನಿಂದ ಸಾಯುತ್ತಿದ್ದರು. ಆಗ ನಾಡಿನವರು ತಮ್ಮದೇ ಒಡ್ಡುಗಳನ್ನು ಒಡೆದು ಹೊಲಗಳಿಗೆ ನೀರು ನುಗ್ಗಿಸಿದರು. ಸೈನ್ಯ ಕಾಲ್ತೆಗೆಯಿತು, ದೋಣಿಗಳಲ್ಲಿ ಮೀನು, ಬ್ರೆಡ್ಡು ಬಂದವು. ಇಂದಿಗೂ ಪ್ರತಿ ಅಕ್ಟೋಬರ್ 3ರಂದು ಆ ಊರಿನವರು ಅದನ್ನೇ ತಿಂದು ಹಬ್ಬ ಮಾಡುತ್ತಾರೆ. ಅಷ್ಟು ಕಷ್ಟಪಟ್ಟವರಿಗೆ, “ತೆರಿಗೆ ಮಾಫಿ ಬೇಕೋ, ವಿಶ್ವವಿದ್ಯಾಲಯ ಬೇಕೋ?” ಎಂದು ರಾಜಕುಮಾರ ಕೇಳಿದನೆಂದೂ, ಅವರು ವಿದ್ಯೆಯನ್ನೇ ಆರಿಸಿಕೊಂಡರೆಂದೂ ಒಂದು ಕಥೆಯಿದೆ. ಕಥೆ ಹೇಗೇ ಇರಲಿ, ವಿಶ್ವವಿದ್ಯಾಲಯ ಮಾತ್ರ 1575ರಲ್ಲಿ ಶುರುವಾಯಿತು.

ಡೆಲ್ಫ್ಟ್ ಊರಿನಲ್ಲಿ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಇದ್ದ. ತಾನೇ ಗಾಜು ತಿಕ್ಕಿ ಸೂಕ್ಷ್ಮದರ್ಶಕ ಮಾಡಿ, ಒಂದು ಹನಿ ನೀರಿನಲ್ಲಿ ಓಡಾಡುವ ಜೀವಿಗಳನ್ನು ನೋಡಿದವನು ಅವನು. ಅದೇ ಊರಿನಲ್ಲಿ ಒಂದು ಹಳೆಯ ಚೆಂದದ ಕಟ್ಟಡವನ್ನು ಮೊಮ್ಮಗಳು ಯಾರದೋ ಅರಮನೆ ಎಂದುಕೊಂಡಿದ್ದಳು. ವಿಚಾರಿಸಿದರೆ ಅದು ನೀರಿನ ಮಂಡಳಿಯ ಮನೆ! ಒಡ್ಡು ಕಾಯುವುದು, ಕಾಲುವೆ ತೆಗೆಸುವುದು, ಹೆಚ್ಚಾದ ನೀರನ್ನು ಹೊರಹಾಕುವುದು ಈ ಮಂಡಳಿಗಳ ಕೆಲಸ. ಅಂಥವು ದೇಶದಲ್ಲಿ ಈಗ 21 ಇವೆ. ಪದ್ಧತಿ ಏಳುನೂರು ವರ್ಷಕ್ಕಿಂತ ಹಳೆಯದು. ಅವಕ್ಕೆ ಬೇರೆ ಚುನಾವಣೆ, ಬೇರೆ ತೆರಿಗೆ.

ಅಷ್ಟು ಕಾದರೂ ಒಮ್ಮೆ ನೀರು ಗೆದ್ದಿತು. 1953ರ ಜನವರಿ 31ರ ರಾತ್ರಿ ಬಿರುಗಾಳಿಗೆ ಸಮುದ್ರ ಉಕ್ಕಿ ಒಡ್ಡುಗಳು ಒಡೆದವು. 1,836 ಜನ ಸತ್ತರು. ಆಮೇಲೆ ಕಟ್ಟಿದ ತಡೆಗಳಲ್ಲಿ ಕೊನೆಯ ದೊಡ್ಡದು ರೋಟರ್‌ಡ್ಯಾಮ್ ಬಂದರಿನ ಹತ್ತಿರ ಇದೆ. ಅದಕ್ಕೆ ಎರಡು ಬಾಗಿಲು, ಒಂದೊಂದು 210 ಮೀಟರ್ ಉದ್ದ. ಸಮುದ್ರ ಏರಿದಾಗ ಮುಚ್ಚಿಕೊಳ್ಳುತ್ತವೆ. ಅಲ್ಲೇ ಸಮೀಪದ ಕಿಂಡರ್‌ಡೈಕ್‌ನಲ್ಲಿ 19 ಹಳೆಯ ಗಾಳಿಯಂತ್ರಗಳಿವೆ. ನಮ್ಮ ಕಪ್ಪತಗುಡ್ಡದ ಗಾಳಿಯಂತ್ರಗಳು ಕರೆಂಟು ಮಾಡುತ್ತವೆ, ಅವು ತಗ್ಗಿನ ಹೊಲದ ನೀರನ್ನು ಮೇಲಕ್ಕೆತ್ತಿ ಹೊರಚೆಲ್ಲುತ್ತಿದ್ದವು.

ಆ ಪುಟದ ಜಮಾದಲ್ಲಿ ಒಂದೇ ಸಾಲು ಬರೆದಿದ್ದಳು: “ಇಲ್ಲಿ ಮಂದಿ ನೀರು ಹೊರಗ ಹಾಕಾಕ ಬಡಿದಾಡ್ತಾರ, ನಮ್ಮೂರಾಗ ಒಳಗ ಹಿಡಿದಿಡಾಕ ಬಡಿದಾಡ್ತೀವಿ.”

ಓದು ಮುಗಿಸಿ ಬಂದ ಮೇಲೆ ಉಳಿದ ಪುಟಗಳಿಗೆ ನಮ್ಮ ಕಡೆಯ ಊರುಗಳು ಬಂದವು. ಏಳನೆಯ ತರಗತಿಯ ತಮ್ಮನನ್ನೂ ಜೊತೆಗೆ ಕರೆದುಕೊಂಡಳು. ಸವಣೂರಿನ ದೊಡ್ಡಹುಣಸೆ ಮರಗಳ ಬುಡವನ್ನು ಇಬ್ಬರೂ ಸುತ್ತಿದರು. ಆಫ್ರಿಕಾ ಮೂಲದ ಆ ಮರಕ್ಕೆ ನಮ್ಮ ಹುಣಸೆಯ ಹೆಸರು ಅಂಟಿಕೊಂಡಿದೆ. ಶಿಗ್ಗಾವಿ ತಾಲ್ಲೂಕಿನಲ್ಲಿ ಕನಕದಾಸರ ಬಾಡ, ಶರೀಫರ ಶಿಶುನಾಳ ಆದವು. ಹಿರೇಕೆರೂರಿನ ಹೆಸರಿನಲ್ಲೇ ಕೆರೆ ಇದೆ, ಆಮ್ಸ್ಟರ್‌ಡ್ಯಾಮಿನ ಹೆಸರಿನಲ್ಲಿ ಕಟ್ಟೆ ಇದ್ದಂತೆ. ಅಲ್ಲಿಂದ ಮುಂದೆ ಮದಗ-ಮಾಸೂರು ಕೆರೆ. ವಿಜಯನಗರದ ಕಾಲದಲ್ಲಿ ಗುಡ್ಡಗಳ ನಡುವೆ ಕುಮುದ್ವತಿ ನದಿಗೆ ಏರಿ ಹಾಕಿ ನಿಲ್ಲಿಸಿದ ನೀರು ಅದು. ಹಾನಗಲ್ಲಿನಲ್ಲಿ ತಾರಕೇಶ್ವರ ಗುಡಿಯ ಕಲ್ಲಿನ ತಾವರೆಯನ್ನು ಕತ್ತೆತ್ತಿ ನೋಡಿ, ಆನೆಕೆರೆಯ ದಂಡೆಗೆ ಬಂದರು.

ಅಲ್ಲಿ ಹುಡುಗ ಜಮಾ ಬರೆಯಲು ಪೆನ್ನು ತೆಗೆದ. ಆಮ್ಸ್ಟರ್‌ಡ್ಯಾಮಿನ ಕಂಬಗಳ ಲೆಕ್ಕ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಕೆರೆಯ ತೂಬು ಎಲ್ಲಿ, ಕೋಡಿಯ ನೀರು ಯಾವ ಕಡೆ ಹರಿಯುತ್ತದೆ, ತಳದಲ್ಲಿ ಹೂಳು ಎಷ್ಟು ಎಂದು ಅಕ್ಕ ಕೇಳಿದರೆ ಉತ್ತರವಿಲ್ಲ. ಅವನ ಪಠ್ಯಪುಸ್ತಕದಲ್ಲಿ ಅದು ಇಲ್ಲ. ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಮುದುಕರೊಬ್ಬರು ಕೈಮಾಡಿ ಎಲ್ಲವನ್ನೂ ತೋರಿಸಿದರು. ಯಾವ ವರ್ಷ ಕೋಡಿ ಬಿದ್ದಿತ್ತು, ಯಾವ ವರ್ಷ ತಳ ಬಿರಿದಿತ್ತು ಎಂಬುದನ್ನೂ ಹೇಳಿದರು. ಹುಡುಗ ಒಂದೂವರೆ ಪುಟ ಬರೆದುಕೊಂಡ.

ಹಾನಗಲ್ಲ ತಾಲ್ಲೂಕು ಕೆರೆಗಳ ತಾಲ್ಲೂಕು. ಒಂದೊಂದು ಕೆರೆಗೂ ಇಂಥ ಒಂದೂವರೆ ಪುಟವಾದರೂ ಇದ್ದೇ ಇದೆ. ಅದು ಅಜ್ಜ-ಅಜ್ಜಿಯರ ಬಾಯಲ್ಲಿದೆ; ಕೇಳಿ ಬರೆದುಕೊಳ್ಳದಿದ್ದರೆ ಅವರ ಸಂಗಡವೇ ಹೋಗುತ್ತದೆ. ತೂಬು ಎಲ್ಲಿದೆ ಎಂದೇ ಗೊತ್ತಿಲ್ಲದ ಕೆರೆಯಲ್ಲಿ ಹೂಳು ತುಂಬಿದರೆ ಯಾರಿಗೆ ಗೊತ್ತಾದೀತು?

ಮಕ್ಕಳೇ, ನೀವು ದೊಡ್ಡವರಾಗಿ ಆಮ್ಸ್ಟರ್‌ಡ್ಯಾಮಿಗೂ ಹೋಗಿ, ಅದರಾಚೆಗೂ ಹೋಗಿ. ಅದಕ್ಕೆ ಇನ್ನೂ ಸಮಯವಿದೆ. ಈ ಭಾನುವಾರ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ನಿಮ್ಮೂರ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆಯಿರಿ. ಖರ್ಚಿನ ಖಾನೆಯಲ್ಲಿ ಒಂದು ಪೊಟ್ಟಣ ಸವಣೂರು ಖಾರ ಬರೆದರೆ ಸಾಕು.