ಬಾಟಲಿಯೊಳಗಿನ ಸವತಿಕಾಯಿ

ಧಾರವಾಡದಿಂದ ಉಪ್ಪಿನಬೆಟಗೇರಿಗೆ ಬರುವ ಬಸ್ಸಿನಲ್ಲಿ ಈಗೀಗ ಮಂದಿಯ ಕೈಯಲ್ಲಿ ಒಂದು ನಮೂನೆಯ ಬಾಟಲಿ ಕಾಣುತ್ತದೆ. ಒಳಗೆ ನೀರು, ನೀರಿನೊಳಗೆ ಸವತಿಕಾಯಿಯ ನಾಲ್ಕು ಬಿಲ್ಲೆ, ಅರ್ಧ ಲಿಂಬಿಹಣ್ಣು, ಪುದೀನಾದ ಎರಡೆಲೆ. ಕಾಲೇಜು ಹುಡುಗರ ಕೈಯಲ್ಲಿದ್ದರೆ ಅದು ಫ್ಯಾಷನ್ನು. ನಿವೃತ್ತ ಮಾಸ್ತರರ ಕೈಯಲ್ಲಿದ್ದರೆ ಮಗಳು ವಾಟ್ಸಾಪಿನಲ್ಲಿ ಕಳಿಸಿದ ಆಜ್ಞೆ. ಹೆಸರು ಡಿಟಾಕ್ಸ್. ಮೈಯೊಳಗಿನ ವಿಷವನ್ನೆಲ್ಲ ತೊಳೆದು ಹೊರಗೆ ಹಾಕುತ್ತದಂತೆ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ದುಡಿಯುವ ನಮ್ಮ ತಮ್ಮನ ಮಗ ಹಬ್ಬಕ್ಕೆ ಬಂದಾಗ ಇಂಥದೇ ಒಂದು ತಂದಿದ್ದ. ನಮ್ಮವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಏನೋ ತಮ್ಮಾ ಇದು, ಸವತಿಕಾಯಿಗೆ ಜಳಕಾ ಮಾಡ್ಸಾಕತ್ತೀಯೇನು?"

"ಇದನ್ನ ಕುಡದ್ರ ಲಿವರ್ ಸ್ವಚ್ಛ ಆಕ್ಕೈತಿ, ಅಮ್ಮಾ."

"ನೀರು ಕುಡದು ಸವತಿಕಾಯಿ ಚೆಲ್ಲತೀ? ಕಚ್ಚಿ ತಿನ್ನಾಕ ಹಲ್ಲಿಲ್ಲೇನು ನಿನಗ?"

ವೈದ್ಯಶಾಸ್ತ್ರ ಓದಿದವರನ್ನು ಕೇಳಿದರೆ ಅವರೂ ಅವ್ವನ ಕಡೆಗೇ ವಾಲುತ್ತಾರೆ. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದ್ದನ್ನೆಲ್ಲ ಹಿಂದಕ್ಕೆ ಹೀರಿಕೊಂಡು, ಒಂದೂವರೆ ಎರಡು ಲೀಟರನ್ನಷ್ಟೇ ಹೊರಗೆ ಬಿಡುತ್ತವೆ. ಯಕೃತ್ತು ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ಕುಡಿದ ಸೆರೆ, ನುಂಗಿದ ಗುಳಿಗೆ, ಬೇಳೆಕಾಳಿನ ಪ್ರೋಟೀನ್ ಕರಗಿದಾಗ ಹುಟ್ಟುವ ಅಮೋನಿಯಾ, ಎಲ್ಲವೂ ಅದರ ಪಾಲಿಗೆ. ಅಮೋನಿಯಾವನ್ನು ಯೂರಿಯಾ ಮಾಡಿ ಮೂತ್ರಪಿಂಡಕ್ಕೆ ದಾಟಿಸುತ್ತದೆ. ಐತವಾರವೂ ರಜೆಯಿಲ್ಲ. ಇವು ಕೆಟ್ಟರೆ ದವಾಖಾನೆಗೆ ಹೋಗಬೇಕು. ಕೆಡದಿದ್ದರೆ ಪುದೀನಾ ಎಲೆಗೆ ಅಲ್ಲಿ ಕೆಲಸವಿಲ್ಲ. ಬರೀ ನೀರು ಗಂಟಲಿಗಿಳಿಯದವರು ಲಿಂಬಿ ಹಿಂಡಿಕೊಂಡಾದರೂ ನೀರು ಕುಡಿದರೆ ಒಳ್ಳೆಯದೇ. ಪುಣ್ಯ ಮಾತ್ರ ನೀರಿನದು.

ನಮ್ಮ ಎರಿಹೊಲಗಳ ಕಡೆಯ ಊಟ ನೋಡಿ. ಹಿಂಗಾರಿ ಬಿಳಿಜೋಳದ ರೊಟ್ಟಿ, ಹೆಸರುಕಾಳೋ ಮಡಕಿಕಾಳೋ ಒಂದು ಪಲ್ಯ, ಪಕ್ಕಕ್ಕೆ ಹಸಿ ಮೆಂತ್ಯಪಲ್ಯ, ಹಕ್ಕರಕಿ, ಮೂಲಂಗಿ, ಗುದ್ದಿದ ಉಳ್ಳಾಗಡ್ಡಿ, ಮೇಲೊಂದು ತಂಬಿಗೆ ಮಜ್ಜಿಗೆ. ಪುಂಡಿಪಲ್ಯ ಮಾಡಿದ ದಿನ ರೊಟ್ಟಿಯ ಲೆಕ್ಕ ತಪ್ಪುತ್ತದೆ. ಆ ಹುಳಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದ ವಾಸನೆ ಓಣಿಯ ತುದಿಗೇ ಗೊತ್ತಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ಬೆಳಗಿನ ಹೊಟ್ಟೆ ಹಗುರಾಗಲಿ ಎಂದು ಪುಡಿ ಕೊಳ್ಳುವವರು ಈ ಎರಡು ಅಂಕಿಗಳ ಮುಂದೆ ಸ್ವಲ್ಪ ಹೊತ್ತು ಕೂತರೆ ಸಾಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದಾಗ ಊರಲ್ಲಿ ಯಾರೂ ಕುಣಿಯಲಿಲ್ಲ, ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

ಹಾಗೆಂದು ಹಿಂದಿನವರೆಲ್ಲ ಅಮೃತವನ್ನೇ ಉಂಡರು ಎಂದು ನಾನು ವಾದಿಸುವುದಿಲ್ಲ. ನಮ್ಮ ರಂಜಕ, ಉಪ್ಪಿನಕಾಯಿ, ಶೇಂಗಾಹಿಂಡಿ, ಹಪ್ಪಳ, ಸಂಡಿಗೆ ಎಲ್ಲದರಲ್ಲೂ ಉಪ್ಪಿನದೇ ದರ್ಬಾರು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗೆ ಎನ್ನುತ್ತದೆ, ಅಂದರೆ ಒಂದು ಚಹಾ ಚಮಚದಷ್ಟು. ಅದು ನಮ್ಮಲ್ಲಿ ಕೆಲವರಿಗೆ ಮಧ್ಯಾಹ್ನದ ಊಟಕ್ಕೇ ಮುಗಿದುಹೋಗುತ್ತದೆ. ಹಗಲೆಲ್ಲ ರಂಟೆ ಹೊಡೆದು ಬೆವರು ಸುರಿಸಿದ ಮುತ್ಯಾನಿಗೆ ದಕ್ಕಿದ್ದು ಟ್ರ್ಯಾಕ್ಟರ್ ಬಾಡಿಗೆಗೆ ಹೇಳಿ ಕಟ್ಟೆಯ ಮೇಲೆ ಕೂತ ಮೊಮ್ಮಗನಿಗೆ ದಕ್ಕುವುದಿಲ್ಲ. ಸಂಜೆ ಮಿರ್ಚಿ, ಗಿರಮಿಟ್ಟು, ಸಕ್ಕರೆ ತುಂಬಿದ ಕೆಟಿ ಚಹಾ ಬೇರೆ. ಗುಟ್ಕಾದ್ದು ಇನ್ನೂ ದೊಡ್ಡ ಕತೆ. 2013ರಲ್ಲಿ ರಾಜ್ಯ ಸರಕಾರ ಅದನ್ನು ನಿಷೇಧಿಸಿತು. ಈಗ ಪಾನ್ ಮಸಾಲೆ ಒಂದು ಚೀಟು, ತಂಬಾಕು ಇನ್ನೊಂದು ಚೀಟು, ಎರಡರ ಮದುವೆ ಅಂಗೈಯಲ್ಲಿ. ಬಾಯಲ್ಲಿ ಅದನ್ನಿಟ್ಟುಕೊಂಡೇ ಲಿವರ್ ತೊಳೆಯುವ ಕಷಾಯದ ಬಗ್ಗೆ ಮಾತಾಡುವವರನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡಿದ್ದೇನೆ. ಮಾತಾಡಲು ಅವರು ಗೋಣು ಮೇಲೆತ್ತಬೇಕಾಗುತ್ತದೆ.

ಹೊಟ್ಟೆಗೆ ವಿಶ್ರಾಂತಿ ಕೊಡುವ ಉಪಾಯವೂ ನಮಗೆ ಹೊಸದಲ್ಲ. ಶ್ರಾವಣ ಸೋಮವಾರದ ಒಪ್ಪತ್ತು ಎಲ್ಲ ಮನೆಗೂ ಗೊತ್ತು. ಕೆಲವರ ಉಪವಾಸದಲ್ಲಿ ಮಾತ್ರ ಫರಾಳವೇ ಊಟವನ್ನು ಮೀರಿಸುತ್ತದೆ: ಸಾಬೂದಾಣಿ ಕಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು, ನಡುವೆ ಒಂದು ಪೇಡೆ. ದೇವರು ಒಪ್ಪಿದರೂ ಮೇದೋಜೀರಕಾಂಗ ಒಪ್ಪುವುದು ಕಷ್ಟ.

ಇನ್ನು ಬೆಳಗಿನ ಹಸಿರು ರಸ. ಇದರಲ್ಲಿ ನಗೆಯ ಮಾತಿಲ್ಲ. 2010ರಲ್ಲಿ ದೆಹಲಿಯಲ್ಲಿ ಕಹಿ ಸೋರೆಕಾಯಿಯ ರಸ ಕುಡಿದು ವಿಜ್ಞಾನಿಯೊಬ್ಬರು ತೀರಿಕೊಂಡರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಕೂಡಿಸಿತು. ರಸ ತೆಗೆಯುವ ಮುಂಚೆ ಒಂದು ಚೂರು ತಿಂದು ನೋಡಿ, ಕಹಿಯಾಗಿದ್ದರೆ ಎಸೆಯಿರಿ ಎಂಬುದು ಅದರ ಸಲಹೆ. ಕಹಿಗೆ ಕಾರಣ ಕುಕರ್ಬಿಟಾಸಿನ್ ಎಂಬ ವಸ್ತು, ಅದೇ ವಿಷ. "ಕಹಿ ಇದ್ದಷ್ಟೂ ಔಷಧ" ಎಂಬ ನಂಬಿಕೆ ಇಲ್ಲಿ ಜೀವಕ್ಕೇ ಎರವಾಗುತ್ತದೆ. ಅವ್ವ ಸವತಿಕಾಯಿಯ ತುಂಬು ಕೊಯ್ದು ಚೂರು ಬಾಯಿಗೆ ಹಾಕಿಕೊಳ್ಳದೆ ಮಕ್ಕಳಿಗೆ ಕೊಟ್ಟವಳಲ್ಲ. ಮಿಕ್ಸರಿಗೆ ನಾಲಿಗೆಯಿಲ್ಲ, ತೊಂದರೆ ಅಲ್ಲಿಯೇ.

ಸೊಪ್ಪಿನ ಮಾತು ಬಂದ ಮೇಲೆ ಕಡ್ಲಿಯನ್ನು ಬಿಟ್ಟು ಮುಗಿಸುವುದು ಹೇಗೆ? ಹಿಂಗಾರಿ ಕಡ್ಲಿ ಗೇಣುದ್ದ ಎದ್ದಾಗ ಕುಡಿ ಚಿವುಟುತ್ತಾರೆ. ಚಿವುಟಿದಷ್ಟೂ ಗಿಡ ಟಿಸಿಲೊಡೆಯುತ್ತದೆ, ಮನೆಗೆ ಪಲ್ಯವೂ ಆಗುತ್ತದೆ. ಎಲೆಯ ಮೇಲಿನ ಸಣ್ಣ ರೋಮಗಳು ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳನ್ನು ಒಸರುತ್ತವೆ, ಆ ಹುಳಿ ಅಲ್ಲಿಂದಲೇ. ಹಿಂದೆ ಇಬ್ಬನಿಯ ರಾತ್ರಿ ಗಿಡಗಳ ಮೇಲೆ ಬಿಳಿ ಅರಿವೆ ಹಾಸಿ, ನಸುಕಿನಲ್ಲಿ ಹಿಂಡಿ, ಆ ಹುಳಿಯನ್ನು ಶೀಸೆಯಲ್ಲಿ ಕೂಡಿಡುತ್ತಿದ್ದರು, ಅಜೀರ್ಣಕ್ಕೆ ಮನೆಮದ್ದು. ತೊಳೆದರೆ ಹುಳಿ ಹೋಗುತ್ತದೆಂದು ಕುಡಿಯನ್ನು ತೊಳೆಯದೆಯೇ ರೊಟ್ಟಿಗೆ ಸುತ್ತಿ ತಿನ್ನುವ ರೂಢಿ ಇಂದಿಗೂ ಇದೆ.

ಆದರೆ ಅದೇ ಕಡ್ಲಿಗೆ ಕಾಯಿಕೊರಕ ಹುಳು ಬರುತ್ತದೆ, ಬೆನ್ನಿಗೆ ಪಂಪು ಕಟ್ಟಿಕೊಂಡವನೂ ಬರುತ್ತಾನೆ. ಎಲೆಯ ಮೇಲೆ ಈಗ ಆಮ್ಲವಷ್ಟೇ ಇರುವುದಿಲ್ಲ. ಬಾಟಲಿಯ ನೀರಿನಿಂದ ಮೈಯೊಳಗಿನ ವಿಷ ತೆಗೆಯಲು ಹೊರಟ ನಾವು ಹೊಲದಿಂದ ಬರುವ ವಿಷದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಆದ್ದರಿಂದ ಈ ಸಲ ಕಡ್ಲಿ ಕುಡಿ ತರುವಾಗ ಹೊಲದವರನ್ನು ನಾಚದೆ ಕೇಳಿರಿ: "ಅಣ್ಣಾ, ಎಣ್ಣಿ ಹೊಡದು ಎಷ್ಟ ದಿನಾತು?" ಉತ್ತರ ತಡವರಿಸಿ ಬಂದರೆ ಆ ಕುಡಿಯನ್ನು ಅಲ್ಲೇ ಬಿಟ್ಟು ಬನ್ನಿ. ಹುಳಿ ಹೋದರೆ ಹೋಯಿತು, ಉಳಿದ ಸೊಪ್ಪನ್ನಾದರೂ ಮೂರು ನೀರಿನಲ್ಲಿ ತೊಳೆಯಿರಿ.